ಇಂಪ್ಲಾಂಟ್ ಕೊರೆತ: ಮೂಳೆ ಬಿಸಿಯಿಂದ ಸಾಯುತ್ತದೋ, ಬಿಗಿತದಿಂದಲೋ?

ಟೈಟಾನಿಯಂ_ತಿರುಪು
ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಯಲ್ಲಿ 50 ನ್ಯೂಟನ್-ಸೆಂ.ಮೀ. ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಕಚ್ಚಿ ಕೂತ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಾಗಿ ದವಡೆಗೆ ಹಾಕುವ ತಿರುಪು) ಆರನೇ ವಾರಕ್ಕೆ ಅಲುಗಾಡುವುದುಂಟು. ಮೇಲ್ದವಡೆಯ ಹಿಂಭಾಗದ ಜಾಳು ಮೂಳೆಯಲ್ಲಿ ಬರೀ 20ಕ್ಕೆ ನಿಂತದ್ದು ಸದ್ದಿಲ್ಲದೆ ಬೆಸೆದುಕೊಳ್ಳುವುದೂ ಉಂಟು. ಇಂಥದ್ದಾದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಡ್ರಿಲ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗಿತು ಎಂಬ ವೇಗದ ಕಡೆಗೆ: ‘ಆರ್‌ಪಿಎಂ ಜಾಸ್ತಿಯಾಯ್ತು, ಸುಟ್ಟುಹೋಯ್ತು’. ತಪ್ಪು ನಿಜವಾಗಿ ಅಲ್ಲೇ ಇದೆಯೇ? ಡ್ರಿಲ್‌ನ ವೇಗ, ಒತ್ತಡ, ತಂಪಿಗೆ ಹರಿಸುವ ಉಪ್ಪುನೀರು (ಸಲೈನ್), ಅಲಗಿನ ಹರಿತ, ಕೊನೆಯ ಡ್ರಿಲ್‌ನ ಅಳತೆ, ಇವುಗಳಲ್ಲಿ ಮೂಳೆ ಮಾಯುವುದನ್ನು ಹೆಚ್ಚು ಕೆಡಿಸುವುದು ಯಾವುದು? ಅಂಕಿ ಸಮೇತ ಬರೆಯಿರಿ.

ಮೂಳೆಕೋಶ
ಬಿಸಿಯ ಲೆಕ್ಕದಿಂದ ಶುರು ಮಾಡುತ್ತೇನೆ. ಎಲ್ಲರ ಬಾಯಲ್ಲೂ ಇರುವ 47 ಡಿಗ್ರಿ ಬಂದಿರುವುದು 1983ರಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲದ ಮೂಳೆಯಲ್ಲಿ ಮಾಡಿದ ಕೆಲಸದಿಂದ. ಜೀವಂತ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಬಿಸಿ ಕೊಟ್ಟರು. 47 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ನಿಮಿಷ ಇಟ್ಟಾಗಲೇ ಹಾನಿ ಕಾಣಿಸಿತು. ಅದೇ ಬಿಸಿಯಲ್ಲಿ 5 ನಿಮಿಷ, ಅಥವಾ 50 ಡಿಗ್ರಿಯಲ್ಲಿ 1 ನಿಮಿಷ ಇಟ್ಟಾಗ ಮೂಳೆ ಹೆಚ್ಚು ಕರಗಿ ಆ ಜಾಗಕ್ಕೆ ಕೊಬ್ಬಿನ ಕೋಶಗಳು ಬಂದು ಕೂತವು.

ಹಾಗಾಗಿ 47 ಎಂಬುದನ್ನು ಒಂಟಿಯಾಗಿ ಹೇಳಬಾರದು, ಪಕ್ಕದಲ್ಲಿ ನಿಮಿಷ ಇರಲೇಬೇಕು. ಮೂಳೆ ಬಿಸಿಯನ್ನು ಬೇಗ ದಾಟಿಸುವ ವಸ್ತುವಲ್ಲ. ಕೊರೆದ ಗುಣಿಯ ಗೋಡೆಗೆ ಏರಿದ ಬಿಸಿ ಅಲ್ಲೇ ನಿಲ್ಲುತ್ತದೆ. ಅದು ಇಳಿಯುವ ಮೊದಲೇ ಮುಂದಿನ ಡ್ರಿಲ್ ಒಳಗಿಟ್ಟರೆ ಬಿಸಿಯ ಮೇಲೆ ಬಿಸಿ.

ಇನ್ನೊಂದು ಅಂಕಿ, ಇದನ್ನು ಹೇಳುವವರು ಕಡಿಮೆ. 1984ರಲ್ಲಿ ಅದೇ ತಂಡದವರು ಮೂಳೆಯ ಗಟ್ಟಿ ಹೊರಪದರವನ್ನು ಸಲೈನ್ ಹರಿಸುತ್ತಲೇ 20,000 ಆರ್‌ಪಿಎಂನಲ್ಲಿ ಕೊರೆದು, ಡ್ರಿಲ್‌ನಿಂದ 0.5 ಮಿ.ಮೀ. ದೂರದಲ್ಲಿ ಬಿಸಿ ಅಳೆದರು. ಮೊಲದಲ್ಲಿ 40, ನಾಯಿಯಲ್ಲಿ 56, ಮನುಷ್ಯನಲ್ಲಿ 89 ಡಿಗ್ರಿ. ಮೂರರಲ್ಲೂ ಗಟ್ಟಿ ಪದರದ ದಪ್ಪ ಬೇರೆ ಬೇರೆ, ಮನುಷ್ಯನದೇ ಎಲ್ಲಕ್ಕಿಂತ ದಪ್ಪ. ಮೊಲದಲ್ಲಿ ಏನೂ ಆಗಲಿಲ್ಲ ಎಂಬ ಧೈರ್ಯದ ಮೇಲೆ ಕೆಳದವಡೆಯ ಮುಂಭಾಗಕ್ಕೆ ಕೈ ಹಾಕಬಾರದು.

ಅಲಗು_ಕೋನ
ವೇಗವೊಂದನ್ನೇ ದೂರುವುದು ಸರಿಯಲ್ಲ. ಡ್ರಿಲ್ ಕತ್ತರಿಸುತ್ತಿದ್ದರೆ ಬಿಸಿಯ ದೊಡ್ಡ ಪಾಲು ಪುಡಿಯ ಜೊತೆ ಹೊರಗೆ ಬರುತ್ತದೆ. ಉಜ್ಜುತ್ತಿದ್ದರೆ ಅಷ್ಟೂ ಗೋಡೆಗೇ ಹೋಗುತ್ತದೆ. ಪ್ರತಿಯೊಂದು ತಪ್ಪನ್ನೂ ಇದೇ ಪ್ರಶ್ನೆಯಿಟ್ಟು ಪರೀಕ್ಷಿಸಬಹುದು: ಇದು ಡ್ರಿಲ್ಲನ್ನು ಕತ್ತರಿಸುವುದರಿಂದ ಉಜ್ಜುವುದಕ್ಕೆ ತಳ್ಳುತ್ತಿದೆಯೇ?

ಲೆಕ್ಕ ನೋಡಿ. 2 ಮಿ.ಮೀ. ಡ್ರಿಲ್ 1,000 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ಅಲಗು ನಿಮಿಷಕ್ಕೆ ಸುಮಾರು 6.3 ಮೀಟರ್ ಓಡುತ್ತದೆ. 4.2 ಮಿ.ಮೀ. ಡ್ರಿಲ್ ಅದೇ ಆರ್‌ಪಿಎಂನಲ್ಲಿ 13 ಮೀಟರ್ ದಾಟುತ್ತದೆ. ಯಂತ್ರದ ಪರದೆಯ ಮೇಲೆ ಎರಡಕ್ಕೂ 1,000 ಎಂದೇ ಇರುತ್ತದೆ, ಮೂಳೆಯ ಪಾಲಿಗೆ ಮಾತ್ರ ವೇಗ ಎರಡರಷ್ಟು. ಡ್ರಿಲ್ ದಪ್ಪವಾಗುತ್ತ ಹೋದಂತೆ 1,200, 1,000, 800, 500 ಎಂದು ಆರ್‌ಪಿಎಂ ಇಳಿಸಲು ಹೆಚ್ಚಿನ ಕಿಟ್‌ಗಳ ಪಟ್ಟಿಯಲ್ಲಿ ಹೇಳಿರುವುದು ಇದಕ್ಕೇ.

ಇನ್ನು ಮೆಟ್ಟಿಲು ಹಾರುವುದು. 10 ಮಿ.ಮೀ. ಆಳದ ಗುಣಿಯಲ್ಲಿ 2.0 ಡ್ರಿಲ್ ತೆಗೆಯುವ ಮೂಳೆ ಸುಮಾರು 31 ಘನ ಮಿ.ಮೀ. ಅದನ್ನು 2.8ಕ್ಕೆ ಹಿಗ್ಗಿಸಿದರೆ ಇನ್ನೊಂದು 30, ಅಲ್ಲಿಂದ 3.5ಕ್ಕೆ 35. ನಡುವಿನ 2.8 ಬಿಟ್ಟು 2.0ರಿಂದ ನೇರ 3.5ಕ್ಕೆ ಹೋದರೆ ಒಂದೇ ಡ್ರಿಲ್ 65 ಘನ ಮಿ.ಮೀ. ಪುಡಿ ಹೊರಹಾಕಬೇಕು. ಡ್ರಿಲ್‌ನ ಸುರುಳಿ ತೋಡಿನಲ್ಲಿ ಅಷ್ಟಕ್ಕೆ ಜಾಗ ಇರುವುದಿಲ್ಲ. ತೋಡು ತುಂಬಿತೆಂದರೆ ಪುಡಿ ಗೋಡೆಗೂ ಡ್ರಿಲ್‌ಗೂ ನಡುವೆ ಸಿಕ್ಕಿ ಅರೆಯುತ್ತದೆ, ಸಲೈನ್ ಕೆಳಗಿಳಿಯುವ ದಾರಿಯೂ ಮುಚ್ಚುತ್ತದೆ. ಜಾಳು ಮೂಳೆಯಲ್ಲಿ ಮೆಟ್ಟಿಲು ಹಾರಿದರೆ ನಡೆದೀತು. ಗಟ್ಟಿ ಮೂಳೆಯಲ್ಲಿ ಬೇಡ.

ಒತ್ತಡದ ವಿಷಯದಲ್ಲಿ ‘ಮೆಲ್ಲಗೆ ಒತ್ತಿ’ ಎನ್ನುವ ಬುದ್ಧಿಮಾತು ಅರ್ಧ ಸತ್ಯ. ದನದ ಗಟ್ಟಿ ಮೂಳೆಯ ಮೇಲೆ 1996ರಲ್ಲಿ ನಡೆದ ಅಳತೆಯಲ್ಲಿ ವೇಗವೊಂದನ್ನೇ ಏರಿಸಿದಾಗಲೂ ಬಿಸಿ ಹೆಚ್ಚಿತು, ಒತ್ತಡವೊಂದನ್ನೇ ಏರಿಸಿದಾಗಲೂ ಹೆಚ್ಚಿತು. 1,800ರಿಂದ 2,400 ಆರ್‌ಪಿಎಂಗೆ, 1.2ರಿಂದ 2.4 ಕೆ.ಜಿ.ಗೆ ಎರಡನ್ನೂ ಒಟ್ಟಿಗೆ ಏರಿಸಿದಾಗ ಕೊರೆತ ಬೇಗ ಮುಗಿಯಿತು, ಬಿಸಿ ಗಮನಿಸುವಷ್ಟು ಏರಲಿಲ್ಲ. ವೇಗ ಹೆಚ್ಚಿಟ್ಟು ಹೂವಿನಂತೆ ಮುಟ್ಟುತ್ತ ಕೂತರೆ ಅಲಗು ಮೂಳೆಗೆ ಕಚ್ಚುವುದೇ ಇಲ್ಲ, ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ.

ಕೆಳದವಡೆ
ಅಲಗು ಕೋನ ಸರ್ ಬರೆದಿದ್ದಕ್ಕೆ ಕೈಕೆಲಸದ ಭಾಗ ಸೇರಿಸುತ್ತೇನೆ. ಒಳಗೆ 2–3 ಸೆಕೆಂಡ್ ಕೊರೆದು, ಡ್ರಿಲ್ ತಿರುಗುತ್ತಿರುವಾಗಲೇ ಪೂರ್ತಿ ಹೊರಗೆ ತೆಗೆದು, ತೋಡಿನ ಪುಡಿ ಸಲೈನ್‌ನಲ್ಲಿ ತೊಳೆದುಹೋದ ಮೇಲೆ ಮತ್ತೆ ಒಳಗೆ. ಅರ್ಧ ಮಿ.ಮೀ. ಮೇಲೆ ಕೆಳಗೆ ಆಡಿಸುವುದನ್ನು ಕೆಲವರು ‘ಪಂಪಿಂಗ್’ ಅಂದುಕೊಂಡಿದ್ದಾರೆ. ಅದರಿಂದ ಪುಡಿ ಹೊರಬರುವುದಿಲ್ಲ, ಗುಣಿಯ ಬಾಯಿ ಮಾತ್ರ ಅಗಲವಾಗುತ್ತದೆ.

ಹೊರಗಿನಿಂದ ಬೀಳುವ ಸಲೈನ್ ಗುಣಿಯ ಬಾಯಿಯನ್ನು ಚೆನ್ನಾಗಿ ತಣಿಸುತ್ತದೆ, 10 ಮಿ.ಮೀ. ಕೆಳಗಿನ ತುದಿಯನ್ನು ಅಷ್ಟಾಗಿ ಅಲ್ಲ. ತುದಿಗೆ ನೀರು ಮುಟ್ಟುವುದು ಡ್ರಿಲ್ ಹೊರಗೆ ಬಂದಾಗಲೇ, ಹಾಗಾಗಿ ಈ ಹೊರಗೆ ತೆಗೆಯುವ ಕ್ಷಣವೇ ತಂಪಿನ ಕ್ಷಣ. ಒಳಗಿನಿಂದ ನೀರು ಬಿಡುವ ಡ್ರಿಲ್‌ಗಳು ಆಳದಲ್ಲಿ ಅನುಕೂಲ, ಆದರೆ ತೂತಿನಲ್ಲಿ ಮೂಳೆಪುಡಿ ಸಿಕ್ಕಿ ಗಟ್ಟಿಯಾದರೆ ತೊಳೆಯುವುದು ಕಷ್ಟ. ಮೂಳೆಗೆ ಇಡುವ ಮೊದಲು ತೂತಿನಿಂದ ನೀರು ಚಿಮ್ಮುತ್ತಿದೆಯೇ ಎಂದು ಪ್ರತಿ ಸಲವೂ ನೋಡಲೇಬೇಕು.

ಸರ್ಜಿಕಲ್ ಗೈಡ್ (ಡ್ರಿಲ್‌ಗೆ ದಾರಿ ತೋರಿಸಲು ಬಾಯಿಯಲ್ಲಿ ಕೂರಿಸುವ ಅಚ್ಚು) ಬಳಸುವವರು ಇನ್ನಷ್ಟು ಎಚ್ಚರದಿಂದಿರಬೇಕು. ಡ್ರಿಲ್ ಹಾಯುವ ಕೊಳವೆಗೂ (ಸ್ಲೀವ್) ಡ್ರಿಲ್‌ಗೂ ನಡುವೆ ಕೂದಲೆಳೆ ಜಾಗ, ಗೈಡ್ ಒಸಡಿಗೆ ಅಂಟಿಕೊಂಡಿರುತ್ತದೆ. ಹ್ಯಾಂಡ್‌ಪೀಸ್‌ನಿಂದ ಧಾರಾಳವಾಗಿ ನೀರು ಬೀಳುತ್ತಿರುವುದು ಕಣ್ಣಿಗೆ ಕಾಣುತ್ತದೆ, ಅದರ ಬಹುಪಾಲು ಗೈಡ್ ಮೇಲೆ ಹರಿದು ಸಕ್ಷನ್‌ಗೆ ಹೋಗುತ್ತಿರುತ್ತದೆ. ಪಕ್ಕದಲ್ಲಿ ಕಿಟಕಿ ಇರುವ ಗೈಡ್ ಮಾಡಿಸಿ, ಸಹಾಯಕರಿಂದ ಸಿರಿಂಜ್‌ನಲ್ಲಿ ಕಿಟಕಿಯ ಮೂಲಕ ಸಲೈನ್ ಬಿಡಿಸಿ. ಎರಡು ಡ್ರಿಲ್‌ಗಳ ನಡುವೆ ಗೈಡ್ ತೆಗೆದು ಗುಣಿ ತೊಳೆಯಲು ಅರ್ಧ ನಿಮಿಷ ಕೊಟ್ಟರೆ ಏನೂ ನಷ್ಟವಿಲ್ಲ.

ಟೈಟಾನಿಯಂ_ತಿರುಪು
ಇಷ್ಟೆಲ್ಲ ಸರಿಯಾಗಿ ಮಾಡಿಯೂ ಗಟ್ಟಿ ಮೂಳೆಯಲ್ಲೇ ಸೋಲುವುದು ಏಕೆ? ಬಿಸಿ ಏರಲಿಲ್ಲ, ಟಾರ್ಕ್ ಚೆನ್ನಾಗಿ ಬಂತು ಎಂದಿಟ್ಟುಕೊಳ್ಳಿ.

ಸೇತುಬಂಧ
ಆ ‘ಟಾರ್ಕ್ ಚೆನ್ನಾಗಿ ಬಂತು’ ಎಂಬುದೇ ಕೆಲವೊಮ್ಮೆ ಕಾರಣ. ತಕ್ಷಣ ಹಲ್ಲು ಕೂರಿಸಬೇಕೆಂದರೆ 35 ನ್ಯೂಟನ್-ಸೆಂ.ಮೀ. ಬೇಕು ಎನ್ನುವುದು ರೂಢಿಯ ಗಡಿ. ಅದನ್ನು ಹಿಡಿದು 35 ಒಳ್ಳೆಯದಾದರೆ 70 ಇನ್ನೂ ಒಳ್ಳೆಯದು ಎಂದುಕೊಳ್ಳುವುದು ತಪ್ಪು. ಟಾರ್ಕ್ ಹೇಳುವುದು ಆ ನಿಮಿಷದ ಬಿಗಿತವನ್ನು ಮಾತ್ರ. ಮೂಳೆ ಬೆಸೆದುಕೊಳ್ಳುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಮೂಳೆಕೋಶ
ಸೇತುಬಂಧ ಮೇಡಂ ಮಾತನ್ನು ಮೂಳೆಯ ಕಡೆಯಿಂದ ನೋಡೋಣ. 3.5 ಮಿ.ಮೀ. ಗುಣಿಗೆ 4.0 ಮಿ.ಮೀ. ತಿರುಪು ಹೋಗುತ್ತದೆ ಎನ್ನಿ. ತಿರುಪಿನ ಸುರುಳಿ ಎಳೆಗಳ ತುದಿ ಮುಟ್ಟುವಲ್ಲಿ ಸುತ್ತಳತೆ ಸುಮಾರು 14% ಹಿಗ್ಗಬೇಕು. ಗಟ್ಟಿ ಮೂಳೆ 1% ಆಸುಪಾಸಿನಲ್ಲೇ ಮಣಿದು ಬಿರುಕು ಬಿಡುವ ವಸ್ತು. ಎಳೆಗಳು ಕತ್ತರಿಸಿಕೊಂಡು ಹೋಗುವುದರಿಂದ ಅಷ್ಟೂ ಹಿಗ್ಗು ಮೂಳೆಗೆ ಬೀಳುವುದಿಲ್ಲ, ನಿಜ. ಆದರೆ ಇಂಪ್ಲಾಂಟ್‌ನ ನಡುದಂಡವೇ ಗುಣಿಗಿಂತ ದಪ್ಪವಾಗಿದ್ದರೆ ಕತ್ತರಿಸಿಕೊಳ್ಳಲು ಅಲಗೇ ಇಲ್ಲ, ಗೋಡೆ ಒಡೆಯಲೇಬೇಕು.

ಆಮೇಲೆ ನಡೆಯುವುದು ಹೀಗೆ. ಅದುಮಿದ ಪಟ್ಟಿಯಲ್ಲಿ ಸೂಕ್ಷ್ಮ ಬಿರುಕು ಏಳುತ್ತವೆ, ರಕ್ತದ ಸಣ್ಣ ನಾಳಗಳು ಮುಚ್ಚುತ್ತವೆ, ಮೂಳೆಕೋಶಗಳು ಸಾಯುತ್ತವೆ. ತೆಳು ಪದರ ಕತ್ತರಿಸಿ ನೋಡಿದರೆ ಕೋಶ ಇರಬೇಕಾದ ಪುಟ್ಟ ಗೂಡುಗಳು ಖಾಲಿ ಬಿದ್ದಿರುತ್ತವೆ. ಸಾಯುವ ಕೋಶಗಳು ಮೂಳೆ ಕರಗಿಸುವ ಕೋಶಗಳನ್ನು ಕರೆಯುತ್ತವೆ. ಅವು ಸತ್ತ ಪಟ್ಟಿಯನ್ನು ತಿಂದು ತೆಗೆದ ಮೇಲಷ್ಟೇ ಹೊಸ ಮೂಳೆಗೆ ಜಾಗ. ಅಂದರೆ ಅತಿ ಬಿಗಿಯಾಗಿ ಹಿಡಿದಿದ್ದ ಮೂಳೆಯೇ ಮೊದಲು ಕರಗುತ್ತದೆ. ಬಿಸಿಯಿಂದ ಸತ್ತರೂ ಒತ್ತಡದಿಂದ ಸತ್ತರೂ ಮುಂದಿನ ದಾರಿ ಇದೇ, ಮತ್ತು ಎರಡೂ ಒಂದೇ ಪಟ್ಟಿಯ ಮೇಲೆ ಬಿದ್ದಾಗ ಪಟ್ಟಿ ಅಗಲವಾಗುತ್ತದೆ.

ಒಳ್ಳೆಯ ಕೊರೆತದಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಆರಂಭದ ಹಿಡಿತ ಕರಗುತ್ತ, ಹೊಸ ಮೂಳೆಯ ಹಿಡಿತ ಏರುತ್ತ ಎರಡೂ ಕಡಿಮೆ ಇರುವ ಹೊತ್ತು ಸಾಮಾನ್ಯವಾಗಿ 2ರಿಂದ 4ನೇ ವಾರ. ಸತ್ತ ಪಟ್ಟಿ ಅಗಲವಾದಷ್ಟೂ ಈ ತಗ್ಗು ಆಳವಾಗುತ್ತದೆ, ಉದ್ದವಾಗುತ್ತದೆ. ಆರನೇ ವಾರಕ್ಕೆ ಅಲುಗಾಡುವ ನಿಮ್ಮ ಇಂಪ್ಲಾಂಟ್ ಆ ತಗ್ಗಿನಿಂದ ಮೇಲೆ ಬರಲಾಗದ್ದು. ಜಾಳು ಮೂಳೆಯಲ್ಲಿ ಎಳೆಗಳ ಸುತ್ತ ಮಜ್ಜೆ, ರಕ್ತ, ಮೂಳೆ ಕಟ್ಟುವ ಕೋಶಗಳು ಪಕ್ಕದಲ್ಲೇ ಇರುತ್ತವೆ. ಎಳೆಗೂ ಗೋಡೆಗೂ ನಡುವೆ ಹೆಪ್ಪು ತುಂಬಿದ ಪುಟ್ಟ ಕೋಣೆಗಳು ಉಳಿದಿರುತ್ತವೆ, ಹೊಸ ಮೂಳೆ ಅಲ್ಲಿ ನೇರವಾಗಿ ಹುಟ್ಟುತ್ತದೆ. ಮೊದಲು ಕರಗಿಸಬೇಕಾದ ಸತ್ತ ಗೋಡೆ ಅಲ್ಲಿ ಕಡಿಮೆ. 20ರಲ್ಲಿ ನಿಂತದ್ದು ಬೆಸೆದುಕೊಂಡದ್ದಕ್ಕೆ ಕಾರಣ ಇದು, ಅಲುಗಾಟ ಇರಲಿಲ್ಲ ಎಂಬ ಷರತ್ತಿನ ಮೇಲೆ.

ಸೇತುಬಂಧ
ಇದರಿಂದ ಕೆಲಸಕ್ಕೆ ಬರುವ ಮಾತು: ಗಟ್ಟಿ ಮೂಳೆಯಲ್ಲಿ ಕೊನೆಯ ಡ್ರಿಲ್ ಇಂಪ್ಲಾಂಟ್‌ನ ನಡುದಂಡದ ಅಳತೆಗೆ ಹತ್ತಿರವಿರಲಿ, ಗುಣಿಯ ಬಾಯಿಗೆ ಕಾರ್ಟಿಕಲ್ ಡ್ರಿಲ್ (ಗಟ್ಟಿ ಹೊರಪದರವನ್ನು ಅಗಲಿಸುವ ಡ್ರಿಲ್) ಕೊಡಿ, ಬೇಕಾದರೆ 15–20 ಆರ್‌ಪಿಎಂನಲ್ಲಿ ಟ್ಯಾಪ್ (ಗೋಡೆಯಲ್ಲಿ ಮೊದಲೇ ಎಳೆ ಕೊರೆಯುವ ಉಪಕರಣ) ಹಾಕಿ. ಇಂಪ್ಲಾಂಟ್ ಇನ್ನೂ 3–4 ಮಿ.ಮೀ. ಮೇಲಿರುವಾಗಲೇ ಟಾರ್ಕ್ 50 ತೋರಿಸಿದರೆ ಕೈಯಿಂದ ತಿರುಗಿಸುವ ರ‍್ಯಾಚೆಟ್ ಹಿಡಿದು ತಿರುವಿ ಇಳಿಸಬೇಡಿ. ಒಂದು ಸುತ್ತು ಹಿಂದೆ ತಿರುಗಿಸಿ ಮತ್ತೆ ಮುಂದೆ. ಆಗಲೂ ಇಳಿಯದಿದ್ದರೆ ಹೊರತೆಗೆದು, ಯಾವುದಕ್ಕೂ ತಾಗದಂತೆ ಅದರ ಡಬ್ಬಿಯಲ್ಲೇ ಇಟ್ಟು, ಟ್ಯಾಪ್ ಹಾಕಿ. ಎರಡು ನಿಮಿಷದ ಕೆಲಸ.

ಜಾಳು ಮೂಳೆಯಲ್ಲಿ ಉಲ್ಟಾ: ಕಾರ್ಟಿಕಲ್ ಡ್ರಿಲ್ ಬೇಡ, ಕೊನೆಯ ಡ್ರಿಲ್ ಒಂದು ಮೆಟ್ಟಿಲು ಚಿಕ್ಕದು. ಅಲ್ಲಿ ಮೂಳೆಗೆ ಅದುಮಿಸಿಕೊಳ್ಳಲು ಜಾಗ ಇದೆ.

ಟ್ರೇ_ಸೆಟ್
ಡ್ರಿಲ್ ಮೊಂಡಾಗುವ ವಿಷಯ ಯಾರೂ ಎತ್ತಲಿಲ್ಲ. ಅಲಗನ್ನು 10 ಪಟ್ಟು ತೋರಿಸುವ ಭೂತಗನ್ನಡಿಯ ಕೆಳಗೆ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಹಿಡಿದು ತಿರುಗಿಸಿ. ಹರಿತವಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ, ಕಪ್ಪಾಗಿ ಮಾಯವಾಗುತ್ತದೆ. ಮೊಂಡಾದ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಬಿಳಿ ಗೆರೆ ಮಿನುಗುತ್ತದೆ. ಆ ಗೆರೆ ಕಂಡ ಡ್ರಿಲ್ ಟ್ರೇಗೆ ಹೋಗಬಾರದು. 2.0 ಡ್ರಿಲ್‌ನ ತುದಿಯನ್ನು ವಿಶೇಷವಾಗಿ ನೋಡಿ, ಪ್ರತಿ ಗುಣಿಯಲ್ಲೂ ಗಟ್ಟಿ ಹೊರಪದರಕ್ಕೆ ಮೊದಲು ತಲೆಕೊಡುವುದು ಅದೇ.

ಲೆಕ್ಕ ಇಡುವಾಗ ಗುಣಿಗಳ ಲೆಕ್ಕ ಇಡಿ, ರೋಗಿಗಳದ್ದಲ್ಲ. ಒಬ್ಬರಿಗೆ ಆರು ಇಂಪ್ಲಾಂಟ್ ಹಾಕಿದರೆ ಆರು ಗೆರೆ. ಗಟ್ಟಿ ಮೂಳೆಯ ಒಂದು ಗುಣಿಯನ್ನು ಎರಡೆಂದು ಬರೆಯುವುದು ಒಳ್ಳೆಯ ಅಭ್ಯಾಸ. ತಯಾರಕರು ಕೊಟ್ಟ ಮಿತಿ ಒಬ್ಬೊಬ್ಬರದು ಒಂದೊಂದು, ಅದನ್ನು ಕಿಟ್‌ನ ಮುಚ್ಚಳದ ಒಳಗೆ ಅಂಟಿಸಿಡಿ.

ಕೊರೆಯುವುದಕ್ಕಿಂತ ತೊಳೆಯುವಾಗ ಹಾಳಾಗುವ ಡ್ರಿಲ್‌ಗಳೇ ಹೆಚ್ಚೇನೋ ಅನಿಸುವಷ್ಟು ತಪ್ಪು ಇಲ್ಲಿ ನಡೆಯುತ್ತದೆ. ಬಳಸಿದ ಡ್ರಿಲ್‌ಗಳನ್ನು ಸಲೈನ್ ಬಟ್ಟಲಿನಲ್ಲಿ ನೆನೆಹಾಕಬೇಡಿ. ಉಪ್ಪಿನ ಕ್ಲೋರೈಡ್ ಸ್ಟೀಲನ್ನು ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ, ಅಲಗಿನಲ್ಲಿ ಅಂಥ ಒಂದು ಚುಕ್ಕೆ ಸಾಕು. ರಕ್ತ ಒಣಗುವ ಮೊದಲೇ ಎನ್‌ಜೈಮ್ ದ್ರಾವಣಕ್ಕೆ ಹಾಕಿ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಡ್ರಿಲ್‌ಗಳನ್ನು ರಾಶಿ ಸುರಿಯದೆ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಒಂದರ ಅಲಗು ಇನ್ನೊಂದಕ್ಕೆ ಬಡಿಯಬಾರದು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಟೋಕ್ಲೇವ್.

ಬೆರಳ_ತುದಿ
50 ಆರ್‌ಪಿಎಂನಲ್ಲಿ ಸಲೈನ್ ಇಲ್ಲದೆ ಕೊರೆಯುವ ವಿಧಾನವನ್ನೂ ಚರ್ಚೆಗೆ ತನ್ನಿ. ಸ್ಪೇನ್‌ನ ವೈದ್ಯ ಎಡ್ವಾರ್ಡೊ ಅನಿಟುವಾ ಪ್ರಚಾರಕ್ಕೆ ತಂದದ್ದು. ಮೊದಲ ಡ್ರಿಲ್ಲನ್ನು ಹೆಚ್ಚು ವೇಗದಲ್ಲಿ, ಸಲೈನ್ ಹರಿಸಿ ಕೊರೆಯುತ್ತಾರೆ. ಉಳಿದವು ನಿಧಾನವಾಗಿ, ಒಣದಾಗಿ. ತೋಡಿನಲ್ಲಿ ರಕ್ತದ ಜೊತೆ ಕಲೆತ ಮೂಳೆಚೂರು ಗುಲಾಬಿ ಬಣ್ಣದ ಮುದ್ದೆಯಾಗಿ ಸಿಗುತ್ತದೆ, ಅದನ್ನು ತೆಗೆದು ಕೊರತೆ ಇದ್ದ ಕಡೆ ತುಂಬಬಹುದು. ಸಲೈನ್ ಹರಿಸಿದರೆ ಅದೆಲ್ಲ ಸಕ್ಷನ್ ಪಾಲು.

ಅಲಗು_ಕೋನ
ವಿಧಾನ ಸರಿ, ಆದರೆ ಅದು ಹರಿತವಾದ ಡ್ರಿಲ್‌ಗೆ ಮಾತ್ರ. 50 ಆರ್‌ಪಿಎಂನಲ್ಲಿ ಮೊಂಡು ಡ್ರಿಲ್ ಕತ್ತರಿಸುವುದಿಲ್ಲ. ಆಗ ಕೈ ತಾನಾಗಿ ಹೆಚ್ಚು ಒತ್ತುತ್ತದೆ, ಡ್ರಿಲ್ ಓಲಾಡಿ ಗುಣಿ ಮೊಟ್ಟೆಯಾಕಾರ ಆಗುತ್ತದೆ. ಗುಣಿಯ ಆಕಾರ ಕೆಟ್ಟರೆ ಇಂಪ್ಲಾಂಟ್ ಎರಡು ಕಡೆ ಮಾತ್ರ ತಾಗಿ ನಿಲ್ಲುತ್ತದೆ. ತುಂಬ ಗಟ್ಟಿ ಮೂಳೆಯಲ್ಲಿ ನನ್ನ ಮತ ಸಲೈನ್ ಕಡೆಗೇ.

ಮೂಳೆಕೋಶ
ಚೂರಿನ ವಿಷಯದಲ್ಲಿ ನಾನು ಬೆರಳ ತುದಿಯವರ ಪಕ್ಷ. ಕೊನೆಗೆ ಗುಣಿಯನ್ನು ಸಿರಿಂಜ್‌ನಿಂದ ಜೋರಾಗಿ ತೊಳೆದು ಬಿಳಿಚಿಸುವ ಅಭ್ಯಾಸ ಹಲವರಿಗಿದೆ. ರಕ್ತದಲ್ಲಿ ನೆನೆದ ಒರಟು ಮೂಳೆಚೂರು ಗೋಡೆಗೆ ಅಂಟಿದ್ದರೆ ಅದರಲ್ಲಿ ಬದುಕಿರುವ ಕೋಶಗಳಿವೆ, ಮೂಳೆ ಕಟ್ಟಿಸುವ ಪ್ರೋಟೀನ್‌ಗಳಿವೆ. ಅದನ್ನು ಹಾಗೇ ಇರಲು ಬಿಡಿ. ನುಣ್ಣಗೆ ಅರೆದ ಒಣ ಪುಡಿ ಮಾತ್ರ ತೊಳೆಯಿರಿ, ಅದು ಉಜ್ಜಿದ್ದರ ಗುರುತು.

ಎರಡರ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಡ್ರಿಲ್ ತೋಡಿನಿಂದ ಸ್ವಲ್ಪ ತೆಗೆದು ಗ್ಲೌಸ್ ಹಾಕಿದ ಎರಡು ಬೆರಳ ನಡುವೆ ತಿಕ್ಕಿ. ಒಳ್ಳೆಯದು ಒದ್ದೆ ರವೆಯಂತೆ ತರಿತರಿ, ಗುಲಾಬಿ. ಕೆಟ್ಟದ್ದು ಒದ್ದೆ ಸುಣ್ಣದಂತೆ ಜಾರುತ್ತದೆ, ಬಿಳಿ ಅಥವಾ ಕಂದು. ಕಂದು ಕಂಡರೆ ಅಲ್ಲೇ ನಿಲ್ಲಿಸಿ ಡ್ರಿಲ್ ಬದಲಿಸಿ.

ಬೆರಳ_ತುದಿ
ಹಾಗಾದರೆ ಡೆನ್ಸಾ ಬರ್‌ಗಳ ಬಗ್ಗೆ ಏನನ್ನುತ್ತೀರಿ? ಅವು ಚೂರನ್ನು ಹೊರತೆಗೆಯುವುದೇ ಇಲ್ಲ.

ಕೆಳದವಡೆ
ಸಲಾಹ್ ಹುವೈಸ್ ರೂಪಿಸಿದ ಆ ಬರ್‌ಗಳು ಗಡಿಯಾರದ ವಿರುದ್ಧ ದಿಕ್ಕಿಗೆ 800–1,500 ಆರ್‌ಪಿಎಂನಲ್ಲಿ ತಿರುಗುವಾಗ ಕತ್ತರಿಸುವುದಿಲ್ಲ, ಚೂರನ್ನು ಗೋಡೆಗೆ ಒತ್ತಿ ಮೆತ್ತುತ್ತವೆ. ಸಲೈನ್ ಧಾರಾಳ ಬೇಕು, ಕುಟ್ಟಿ ಎತ್ತಿ ಕುಟ್ಟಿ ಎತ್ತಿ ಮಾಡಬೇಕು. ಮೇಲ್ದವಡೆಯ ಜಾಳು ಮೂಳೆಗೆ ಹೇಳಿ ಮಾಡಿಸಿದ್ದು, ಆರಂಭದ ಬಿಗಿತ ಚೆನ್ನಾಗಿ ಬರುತ್ತದೆ. ಗಟ್ಟಿ ಹೊರಪದರದಲ್ಲಿ ವಿರುದ್ಧ ದಿಕ್ಕಿನ ಬಳಕೆ ಬೇಡ. ಮೆತ್ತಲು ಅಲ್ಲಿ ಜಾಗವೇ ಇಲ್ಲ, ಮೇಲೆ ಚರ್ಚೆಯಾದ ಬಿರುಕಿನ ಸಮಸ್ಯೆಯೇ ಮರಳಿ ಬರುತ್ತದೆ. ಅಂಥಲ್ಲಿ ಅದೇ ಬರ್ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಮಾಮೂಲಿ ಡ್ರಿಲ್‌ನಂತೆ ಕತ್ತರಿಸುತ್ತದೆ.

ಪೀಜೋ (ಅಲ್ಟ್ರಾಸಾನಿಕ್ ಕಂಪನದಿಂದ ಮೂಳೆ ಕತ್ತರಿಸುವ ಸಾಧನ) ಬಗ್ಗೆ ಯಾರಾದರೂ ಕೇಳುವ ಮೊದಲೇ: ಅದು ತಂಪಿನ ಸಾಧನ ಎಂಬ ನಂಬಿಕೆ ತಪ್ಪು. ತುದಿಯನ್ನು ಒತ್ತಿ ಹಿಡಿದರೆ ಕಂಪನ ನಿಂತು ಶಕ್ತಿಯೆಲ್ಲ ಬಿಸಿಯಾಗುತ್ತದೆ.

ಟೈಟಾನಿಯಂ_ತಿರುಪು
ಹಾನಿಯಾಗಿದೆ ಎಂದು ಆಮೇಲೆ ಗುರುತಿಸುವುದು ಹೇಗೆ? ಎಕ್ಸ್-ರೇಯಲ್ಲಿ ಕಾಣುತ್ತದೆಯೇ?

ಕೆಳದವಡೆ
ಮೊದಲ ವಾರಗಳಲ್ಲಿ ಎಕ್ಸ್-ರೇ ಬಹುತೇಕ ಮೌನ. ನೋವಿನ ನಡೆ ನೋಡಿ. ಮಾಮೂಲಿ ನೋವು ದಿನೇದಿನೇ ಇಳಿಯುತ್ತದೆ. ಇಳಿದ ನೋವು ವಾರ ಎರಡು ವಾರದ ಮೇಲೆ ಆಳದಿಂದ ಮರಳಿ ಬಂದರೆ, ಒಸಡು ಮೇಲ್ನೋಟಕ್ಕೆ ಚೆನ್ನಾಗಿದ್ದರೂ, ಅನುಮಾನಿಸಿ. ಮುಂದೆ ಇಂಪ್ಲಾಂಟ್‌ನ ತುದಿಯ ಸುತ್ತ ಮಾತ್ರ ಕಪ್ಪು ನೆರಳು ಬರಬಹುದು, ಇಂಪ್ಲಾಂಟ್‌ನ ಮೇಲ್ಭಾಗದ (ಕುತ್ತಿಗೆಯ) ಸುತ್ತಲ ಮೂಳೆ ಸರಿಯಾಗಿರುತ್ತದೆ. ಆಳದಲ್ಲಿ ಬಿಸಿ ಏರಿದ್ದು ಅದಕ್ಕೆ ಒಂದು ಕಾರಣ. ಪಕ್ಕದ ಹಲ್ಲಿನ ಬೇರಿನ ಸೋಂಕು ಇನ್ನೊಂದು, ಅದನ್ನು ಮೊದಲು ಪರೀಕ್ಷಿಸಿ.

ಇಂಪ್ಲಾಂಟ್ ನೋವಿಲ್ಲದೆ ತನ್ನ ಅಕ್ಷದ ಮೇಲೆ ಮಾತ್ರ ತಿರುಗಿದರೆ, ನೆರಳಿಲ್ಲದಿದ್ದರೆ, ಮುಚ್ಚಿ ಇನ್ನೆರಡು ಮೂರು ತಿಂಗಳು ಕೈ ಮುಟ್ಟದೆ ಬಿಡಿ. ಪಕ್ಕಕ್ಕೆ ಅಲುಗಿದರೆ ತೆಗೆಯಲೇಬೇಕು. ತೆಗೆದ ಮೇಲೆ ಗುಣಿಯ ಗೋಡೆಯಿಂದ ರಕ್ತ ಜಿನುಗುವವರೆಗೆ ಕೆರೆಯಿರಿ. ರಕ್ತ ಬಾರದ, ಆನೆದಂತದಂತೆ ಬಿಳಿಚಿದ ಮೂಳೆ ಉಳಿದರೆ ಮುಂದಿನ ಇಂಪ್ಲಾಂಟ್‌ಗೂ ಅದೇ ಗತಿ.

ಸೇತುಬಂಧ
ಐಎಸ್‌ಕ್ಯೂ (ಇಂಪ್ಲಾಂಟ್ ಎಷ್ಟು ಸ್ಥಿರವಾಗಿದೆ ಎಂದು ಹೇಳುವ ಅಂಕಿ) ಅಳೆಯುವವರು ಹಾಕಿದ ದಿನವೇ ಎರಡು ದಿಕ್ಕಿನಲ್ಲಿ ಅಳೆದು ಬರೆದಿಡಿ. ಹೋಲಿಸಬೇಕಾದದ್ದು ಆ ಇಂಪ್ಲಾಂಟನ್ನು ಅದರ ಜೊತೆಗೇ. 3–4ನೇ ವಾರ ಸ್ವಲ್ಪ ಇಳಿದರೆ ಗಾಬರಿ ಬೇಡ. ಇಳಿದದ್ದು 8ನೇ ವಾರಕ್ಕೂ ಏರದಿದ್ದರೆ ಹಲ್ಲು ಕೂರಿಸುವುದನ್ನು ಮುಂದೂಡಿ.

ಟ್ರೇ_ಸೆಟ್
ಒಂದು ಸಣ್ಣ ಕೆಲಸ ಎಲ್ಲರೂ ಮಾಡಿ. ಸಲೈನ್ ಪಂಪಿನ ಗುಂಡಿ ಪೂರ್ತಿ ತಿರುಗಿಸಿದ್ದರೂ ತುದಿಯಲ್ಲಿ ಬರುವ ನೀರು ಬೇರೆಯೇ ಇರಬಹುದು. ಹ್ಯಾಂಡ್‌ಪೀಸ್‌ಗೆ ನಳಿಕೆ ಜೋಡಿಸಿ, ಅಳತೆ ಗೆರೆಯಿರುವ ಲೋಟದೊಳಗೆ ಸರಿಯಾಗಿ 1 ನಿಮಿಷ ಹರಿಸಿ. 50 ಮಿ.ಲೀ. ಆಸುಪಾಸು ಬರಬೇಕು. 20 ಬಂತೆಂದರೆ ಮೊದಲು ತುದಿಯ ಉಕ್ಕಿನ ನಳಿಕೆ ನೋಡಿ, ಹಿಂದಿನ ಸಲದ ಉಪ್ಪು ಹರಳುಗಟ್ಟಿ ತೂತು ಕಿರಿದಾಗಿರುತ್ತದೆ. ಅದರ ಜೊತೆ ಬಂದ ತಂತಿಯಿಂದ ಚುಚ್ಚಿ ತೆಗೆಯಿರಿ. ಆಮೇಲೆ ಪಂಪಿನ ಉರುಳೆಯಡಿ ಕೂತ ಟ್ಯೂಬ್ ಚಪ್ಪಟೆಯಾಗಿದೆಯೇ, ಬಾಟಲಿಯ ಗಾಳಿರಂಧ್ರ ತೆರೆದಿದೆಯೇ ನೋಡಿ. ಕೆಲಸ ಮುಗಿದ ಮೇಲೆ ಅದೇ ದಾರಿಯಲ್ಲಿ ಅರ್ಧ ನಿಮಿಷ ಡಿಸ್ಟಿಲ್ಡ್ ನೀರು ಹರಿಸಿದರೆ ಹರಳು ಕಟ್ಟುವುದೇ ಇಲ್ಲ.